ಶನಿ ಯಾರಾಗ್ತೀರಿ?

ದಾವಣಗೆರೆಯ ಈ ಮಗ್ಗುಲಲ್ಲಿ
ರಾತ್ರಿ ನಕ್ಷತ್ರ ತೋರಿಸುವ ಮಾತು ಬಿಡಿ.
ಮಂಡಕ್ಕಿ ಭಟ್ಟಿಗಳ ಹೊಗೆ ಸಂಜೆಯೇ ಬಂದು
ಅಂಗನವಾಡಿಯ ತಗಡಿನ ಮೇಲೆ ಕೂರುತ್ತದೆ.
ಹಗಲಲ್ಲೇ ಕಲಿಸಬೇಕು ಆಕಾಶ,
ಅದೂ ಹಾಲಿನ ಪುಡಿ ಕಲಸುವ ಮೊದಲು.

ಬುಧ ಅಂದರೆ ಒಂದು ಮಂಡಕ್ಕಿ ಕಾಳು.
ಶುಕ್ರ ಹುರಿದ ಶೇಂಗಾ.
ನಾನು ಹಲಗೆಯತ್ತ ತಿರುಗುವಷ್ಟರಲ್ಲಿ
ನಾಜ್ಮೀನ್ ಶುಕ್ರನನ್ನು ತಿಂದು ಮುಗಿಸಿದ್ದಳು.

ಹೆಸರು ಕಷ್ಟವಲ್ಲ, ವಾರ ಗೊತ್ತು ಇವರಿಗೆ:
ಮಂಗಳವಾರ ಮೊಟ್ಟೆ,
ಗುರುವಾರ ದರ್ಗಾದ ಸಕ್ಕರೆ,
ಬುಧವಾರ ತಕ್ಕಡಿಯಲ್ಲಿ ಕೂತು ತೂಗಿಸಿಕೊಳ್ಳುವುದು.
"ಭೂಮಿವಾರ ಯಾವಾಗ ಟೀಚರ್?" ಅಂದ ಕೊಟ್ರೇಶಿ.
ಹತ್ತೊಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ,
ನನಗೆ ಹೊಳೆದಿರಲಿಲ್ಲ.
"ದಿನಾಲೂ" ಅಂದೆ. ಸರಿಯೋ ತಪ್ಪೋ.

ಯುರೇನಸ್ಸಿಗೆ ವಾರವಿಲ್ಲ. ನಾಲಿಗೆ ಹೊರಳದೆ
"ಊರೇನು, ಊರೇನು" ಅಂತ ಒಬ್ಬರನ್ನೊಬ್ಬರು ಕೇಳಿದರು,
ಹರಿಹರ, ಜಗಳೂರು ಅಂತ ಉತ್ತರವೂ ಬಂತು.
ಗೇಟಿನಾಚೆ ನಿಲ್ಲಬೇಕು ಅಂದಿದ್ದಕ್ಕೆ
ನೆಪ್ಚೂನ್ ಅತ್ತ.

ಅಂಗಳದಲ್ಲಿ ಸುಣ್ಣದ ಗೆರೆ ಎಳೆದು
"ಶನಿ ಯಾರಾಗ್ತೀರಿ?" ಅಂದೆ.
ಗದ್ದಲ ನಿಂತೇಹೋಯಿತು.
ಚೌಡಮ್ಮ ಎರಡೂ ಕೈ ಬೆನ್ನ ಹಿಂದೆ ಅಡಗಿಸಿದಳು.
ಅಡುಗೆಯ ಹಾಲವ್ವ ಒಳಗಿಂದಲೇ
"ಆ ಹೆಸ್ರು ಯಾಕವ್ವಾ ಕೂಸುಗಳ ಬಾಯಾಗೆ" ಅಂದಳು.

ಎದ್ದವನು ತಿಪ್ಪೇಶ. ನಾಲ್ಕು ವರ್ಷ, ಚಡ್ಡಿಗೆ ಪಿನ್ನು.
"ನಾನೇ ಟೀಚರ್. ನಮ್ಮಜ್ಜಿ ಹಂಗೇ ಕರೀತಾಳೆ,
ಎದ್ದ ಕೂಡ್ಲೆ."
ದುಃಖವೇನೂ ಇರಲಿಲ್ಲ ದನಿಯಲ್ಲಿ;
ಹಾಜರಿಗೆ ಓಗೊಟ್ಟ ಹಾಗೆ, ಅಷ್ಟೆ.

ಭಟ್ಟಿಗೆ ಸುಡಲು ತಂದ ರಾಶಿಯಿಂದ
ಒಂದು ಸೈಕಲ್ ಟೈರು ಬೇಡಿ ತಂದೆ.
ತಲೆಯ ಮೇಲಿಂದ ಇಳಿಸಿ ಅವನ ಕೈಗೇ ಹಿಡಿಸಿ
ಇದು ನಿನ್ನ ಬಳೆ ಅಂದೆ,
ಇಷ್ಟು ದೊಡ್ಡದು ಬೇರೆ ಯಾವ ಗ್ರಹಕ್ಕೂ ಇಲ್ಲ.
ಶನಿ ಕೆಟ್ಟವನಲ್ಲ ಕಣೋ, ನಿಧಾನ ನಡೆಯುವವನು;
ಸೂರ್ಯನ ಒಂದು ಸುತ್ತಿಗೆ ಮೂವತ್ತು ವರ್ಷ.
ಹಾಲವ್ವನ ಸೌಟು ಒಳಗೆ ಸುಮ್ಮನಾಯಿತು.

ಅವನು ಹೊರಟ. ಗೆರೆ ಬಿಟ್ಟು, ಕೊಡಪಾನಗಳ ಸಾಲು ಬಳಸಿ,
ಅಳುವ ನೆಪ್ಚೂನನ್ನೂ ದಾಟಿ.
ತನಗೂ ಟೈರು ಬೇಕೆಂದು ಗುರು ನೆಲಕ್ಕೆ ಕೂತ.
ನಾನು, ಸೂರ್ಯ, ನಡುವೆ ನಿಂತು
ಕೂಗುತ್ತಲೇ ಇದ್ದೆ, ಯಾರೂ ಕೇಳಲಿಲ್ಲ.

ಮಧ್ಯಾಹ್ನ ಅಜ್ಜಿ ಬಂದಳು, ಸೆರಗಿಗೆಲ್ಲ ಭಟ್ಟಿಯ ಬೂದಿ.
"ಏ ಶನೀ, ಎಲ್ಲಿ ಸತ್ಯೋ?"

ಟೈರು ಎತ್ತಿ ಹಿಡಿದ.
"ತಡಿಯಜ್ಜಿ, ಇನ್ನೊಂದು ಸುತ್ತು ಐತಿ.
ನಂದು ಮೂವತ್ತು ವರ್ಷ ಆಗ್ತೈತಿ."

ಅಜ್ಜಿ ನನ್ನ ಮುಖ ನೋಡಿದಳು.
ಆಮೇಲೆ ಕಟ್ಟೆಯ ಮೇಲೆ ಕೂತು
ಎಲೆಅಡಿಕೆ ಚೀಲ ಬಿಚ್ಚಿದಳು.