ಲಾಭ, ಎರಡು, ಮೂರು

"ಹತ್ತರವರೆಗೆ ಎಣಿಸಿ, ಸಾಕು" ಅಂದರು ಸಿಸ್ಟರ್ ಫಿಲೋಮಿನ,
ತೋಳಿನ ಪಟ್ಟಿ ಬಿಚ್ಚುತ್ತ,
ನೂರ ಅರವತ್ತೆಂಟು ಎಂದು ಚೀಟಿಯಲ್ಲಿ ಬರೆಯುತ್ತ.
"ಉಸಿರು ಒಳಗೆ ಹೋಗಿ ಹೊರಗೆ ಬಂದರೆ ಒಂದು.
ಹತ್ತಾದ ಮೇಲೆ ಮತ್ತೆ ಒಂದರಿಂದ.
ದಿನಾ ಬೆಳಿಗ್ಗೆ, ಮಾತ್ರೆ ನುಂಗುವ ಮುಂಚೆ."

ಎಣಿಸೋದು ನನಗೆ ಹೇಳಿಕೊಡಬೇಕೆ?
ಇಪ್ಪತ್ತಾರು ವರ್ಷ ಹಾಸನದ ಮಂಡಿಯಲ್ಲಿ
ಆಲೂಗಡ್ಡೆ ಮೂಟೆ ಎಣಿಸಿ ತೂಗಿದವನು.
ಜಲಂಧರದ ಲಾರಿ ನಡುರಾತ್ರಿ ಬಂದರೂ
ಗೋಣಿಯ ಮೇಲೆ ಮಲಗಿದ್ದವನು ಎದ್ದು
ಕಣ್ಣು ಪೂರಾ ಬಿಡುವ ಮೊದಲೇ ಲೆಕ್ಕ ಶುರು.

ಪೆನ್ಷನ್ ಮೊಹಲ್ಲಾದ ಬಾಡಿಗೆ ಮನೆ, ಮೇಲೆ ತಾರಸಿ,
ನೀರಿನ ಟ್ಯಾಂಕಿನ ಪಕ್ಕ ಹಳೇ ಚಾಪೆ.
ಐದೂವರೆ. ಕಣ್ಣು ಮುಚ್ಚಿದೆ.
ಮೊದಲ ಉಸಿರಿಗೆ ಬಾಯಿಗೆ ಬಂದದ್ದು: ಲಾಭ.
ಮಂಡಿಯಲ್ಲಿ ಒಂದನ್ನು ಒಂದು ಅನ್ನೋದಿಲ್ಲ ನಾವು.
ಲಾಭ. ಎರಡು. ಮೂರು.
ನಾಲ್ಕಕ್ಕೆ ಟ್ಯಾಂಕು ತುಂಬಿ ಸುರಿಯಿತು.
ಐದಕ್ಕೆ ಕೆಳಗಿನ ಮನೆ ನಾಜಿಮಾ ಬೀಯ ಮಿಕ್ಸಿ.
ಆಮೇಲೆ ಎಣಿಕೆ ಎಲ್ಲೂ ನಿಲ್ಲದೆ ಓಡಿ
ನಲವತ್ತೇಳು, ನಲವತ್ತೆಂಟು,
ಹತ್ತಕ್ಕೆ ನಿಲ್ಲಬೇಕಿತ್ತಲ್ಲ ಎಂದು ನೆನಪಾದಾಗ
ಅರ್ಧ ಲಾರಿ ಇಳಿಸಿ ಆಗಿತ್ತು.

ಎರಡನೇ ದಿನ ಕಾಲು ಜೋಮು.
ಮೂರನೇ ದಿನ, ಚೀಟಿ ದುಡ್ಡು ಕೊಡದ ಷಡ್ಡಕನ ಜೊತೆ
ಕಣ್ಣು ಮುಚ್ಚಿಕೊಂಡೇ ಜಗಳ. ಗೆದ್ದೆ ಕೂಡ.
ನಾಲ್ಕನೇ ದಿನ ಏನೂ ಇಲ್ಲ, ನಿದ್ದೆ.
"ಇದ್ಯಾವ ಗೊರಕೆ ಧ್ಯಾನ" ಅಂದಳು ಹೆಂಡತಿ,
ಬಟ್ಟೆ ಹರವಿ, ಒದ್ದೆ ಸೆರಗೊಂದನ್ನು
ಬೇಕಂತಲೇ ನನ್ನ ನೆತ್ತಿಗೆ ತಾಗಿಸಿ ಹೋದಳು.

ಆಮೇಲೆ ಬಂದಳು ಅವಳು.
ಆರನೇ ಉಸಿರಿಗೆ ಸರಿಯಾಗಿ.
ದುದ್ದದ ಕಡೆಯ ಹೆಂಗಸು, ಹೆಸರು ಕೇಳಿರಲಿಲ್ಲ,
ಮೂಗಿನ ಎರಡೂ ಕಡೆ ಬೊಟ್ಟು.
ಯಾವ ವರ್ಷವೋ. ಹಿಂದೆ ಹದಿನೆಂಟು ಗಾಡಿ ಸಾಲು,
ಹಾರ್ನು, ಬೈಗುಳ, ಯಾರದೋ ಬೀಡಿ ಹೊಗೆ.
ಕಾಟಾದ ಮುಳ್ಳು ಇನ್ನೂ ಅಲ್ಲಾಡುತ್ತಿತ್ತು,
ನಾನು ಬರೆದುಬಿಟ್ಟೆ: ನಲವತ್ತಾರು.
"ನಿಲ್ಲಲಿ ಬಿಡಪ್ಪ ಅದು" ಅಂದಳು.
ಅಷ್ಟೇ. ಜೋರು ಮಾಡಲಿಲ್ಲ.
"ಮುಂದೆ, ಮುಂದೆ" ಅಂದೆ ನಾನು.
ಐವತ್ತಕ್ಕೆ ನಿಲ್ಲುತ್ತಿತ್ತೋ, ನಲವತ್ತೈದಕ್ಕೋ,
ಯಾರಿಗೆ ಗೊತ್ತು.
ಅಲ್ಲಾಡುವ ಮುಳ್ಳನ್ನೇ ಓದಿ ಓದಿ ಬರೆದವನು ನಾನು,
ನಿಂತದ್ದನ್ನು ನೋಡಿದ ನೆನಪು ಕಮ್ಮಿ.

ಸಿಸ್ಟರಿಗೆ ಹೇಳಿದೆ, ಪೂರ್ತಿ ಅಲ್ಲ.
"ಯಾರೋ ಬರ್ತಾರೆ, ಎಣಿಕೆ ತಪ್ಪುತ್ತೆ."
"ಓಡಿಸಬೇಡಿ. ಮಾತಾಡಿಸಲೂ ಬೇಡಿ.
ಬಂದವರು ಕೂತುಕೊಳ್ಳಲಿ, ನೀವು ಉಸಿರು ನೋಡಿ."
ಪಟ್ಟಿ ಬಿಗಿದರು, ಬಿಟ್ಟರು. ನೂರ ಅರವತ್ತೆರಡು.
"ಪರವಾಗಿಲ್ಲ" ಅಂದರು, "ಮಾತ್ರೆ ಮಾತ್ರ ಬಿಡಬೇಡಿ."
ನನ್ನ ಹಿಂದೆ ನಿಂತವನು ಆಗಲೇ ತೋಳು ಮಡಿಸುತ್ತಿದ್ದ.

ಈಗ ಬರುತ್ತಾಳೆ. ಕೂರುತ್ತಾಳೆ,
ಟ್ಯಾಂಕಿಗೆ ಒರಗಿ, ತನ್ನದೇ ಮೂಟೆಯ ಮೇಲೆ.
ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಾಳೆ.
ಅವಸರವಿಲ್ಲ ಅವಳಿಗೆ. ನನಗೂ
ಹಿಂದೆ ಗಾಡಿಗಳಿಲ್ಲ.
ತಪ್ಪಾಯ್ತು ಅನ್ನೋಣವೆಂದರೆ ಅದೂ ಮಾತೇ.
ಎದೆಯೊಳಗೆ ಮುಳ್ಳು ಆ ಕಡೆ, ಈ ಕಡೆ,
ಆ ಕಡೆ,
ಸ್ವಲ್ಪ ಕಮ್ಮಿ ಈ ಕಡೆ.
ಓದಿಬಿಡೋಣ ಅನಿಸುತ್ತದೆ, ಬರೆದು ಮುಗಿಸೋಣ ಅನಿಸುತ್ತದೆ.
ಕೈ ತಾನಾಗಿ ಕಿವಿಯ ಹಿಂದೆ ಹೋಗುತ್ತದೆ,
ಅಲ್ಲಿ ಪೆನ್ನಿಲ್ಲ.

ಕೆಳಗೆ ಮಿಕ್ಸಿ ನಿಂತಿತು.
ಪುದೀನ ಚಟ್ನಿಯ ವಾಸನೆ ಮೆಟ್ಟಿಲು ಹತ್ತಿ ಬಂತು.
ಏಳಾಗಿತ್ತೋ, ಎಂಟೋ?
ಮರೆತೆ.
ಸರಿ.
ಲಾಭ.