ಆರ್

ಬೆಳಿಗ್ಗೆ ಹತ್ತಕ್ಕೆ ವಾರ್ಡಿನ ಹುಡುಗ
ಟ್ರೇ ಇಟ್ಟು ಹೋಗುತ್ತಾನೆ. ಹದಿನೇಳು ಕೊಳವೆ,
ಪ್ರತಿಯೊಂದರಲ್ಲೂ ಹತ್ತಿ ಸುತ್ತಿದ ಕಡ್ಡಿ.
ಕಾಲುಗಳನ್ನು ನಾನು ನೋಡುವುದಿಲ್ಲ.
ಚೀಟಿಯಲ್ಲಿ ಬರೆದಷ್ಟೇ ನನಗೆ ಕಾಲು:
ಎಡ, ಹೆಬ್ಬೆರಳ ಬುಡ, ಆಳ ಎಲುಬಿನ ತನಕ,
ಸಕ್ಕರೆ ಮುನ್ನೂರ ನಲವತ್ತು.

ರಕ್ತ ಬೆರೆಸಿದ ಅಗರಿನ ಮೇಲೆ
ತಂತಿಯ ಕುಣಿಕೆಯಿಂದ ಗೆರೆ ಎಳೆಯುತ್ತೇನೆ,
ನೀರುದೋಸೆಯ ಕಾವಲಿಗೆ ಎಣ್ಣೆ ಸವರಿದ ಹಾಗೆ, ತೆಳ್ಳಗೆ.
ಮುಚ್ಚಿ, ಕವುಚಿ, ಮೂವತ್ತೇಳು ಡಿಗ್ರಿಯಲ್ಲಿ ಮಲಗಿಸುತ್ತೇನೆ.
ಅವು ಮಲಗುವುದಿಲ್ಲ.
ರಾತ್ರಿಯಿಡೀ ಮನೆ ಕಟ್ಟುತ್ತವೆ.

ಮರುದಿನ ಮುಚ್ಚಳ ತೆಗೆದರೆ
ಒಂದು ತಟ್ಟೆ ತುಂಬ ತಾಮ್ರದ ಹಂಡೆಯ ಕಿಲುಬಿನ ಹಸಿರು,
ಕಳಿತ ದ್ರಾಕ್ಷಿಯ ವಾಸನೆ. ಹೊಸಬಳಾಗಿದ್ದಾಗ
ಯಾರೋ ಹಣ್ಣು ತಂದಿದ್ದಾರೆಂದು ಸುತ್ತ ನೋಡಿದ್ದೆ.
ಇನ್ನೊಂದಕ್ಕೆ ಕುಣಿಕೆ ತಾಗಿಸಿ ಎತ್ತಿದರೆ
ನೂಲಾಗಿ ಏಳುತ್ತದೆ, ಬೆಂದ ಬಸಳೆಯ ಲೋಳೆ.
ಮತ್ತೊಂದು ಅಲೆ. ನಿಜವಾಗಿ ಅಲೆಯೇ:
ಹೊರಟು, ನಿಂತು, ಮತ್ತೆ ಹೊರಟು,
ಪಣಂಬೂರಿನ ಮರಳಲ್ಲಿ ಇಳಿತ ಬಿಟ್ಟುಹೋದ ಗೆರೆಗಳಂತೆ
ಉಂಗುರದಾಚೆ ಉಂಗುರ, ಗಾಜಿನ ಅಂಚಿನವರೆಗೆ.
ಚಂದ ಎನ್ನಬಾರದು. ಅಂದಿದ್ದೇನೆ.

ಆ ಅಲೆಯ ತಟ್ಟೆಯ ಹೆಸರು ಓದಿದ್ದು ಆಮೇಲೆ:
ದೇಜಪ್ಪ, ಐವತ್ತೆಂಟು, ಗಂಡು, ಬೋಂದೆಲ್.
ನಮ್ಮ ಏಳೂಮುಕ್ಕಾಲರ ಬಸ್ಸಿನ ಕಂಡಕ್ಟರು.
ಚಿಲ್ಲರೆಯನ್ನು ಬೆರಳ ಸಂದಿಯಲ್ಲೇ ಎಣಿಸುವವರು,
"ಸೆವ್ರಿನ್ ಬಾಯಿ, ಕುಲ್ಲುಲೆ" ಎಂದು
ಕಾಲೇಜು ಹುಡುಗರನ್ನು ಎಬ್ಬಿಸಿ ಸೀಟು ಕೊಡಿಸುವವರು.
ಇಷ್ಟು ವರ್ಷಗಳಲ್ಲಿ ಅವರ ಕಾಲು ನೋಡಿದ್ದು ಒಂದೇ ಸಲ.

ಜೂನಿನಲ್ಲಿ, ಬಿಜೈಯ ಹತ್ತಿರ,
ಫುಟ್‌ಬೋರ್ಡಿನಿಂದ ಅವರ ಒಂದು ಚಪ್ಪಲಿ ಜಾರಿ ಬಿತ್ತು.
ಅವರಿಗೆ ಗೊತ್ತೇ ಆಗಲಿಲ್ಲ.
ಬರಿಗಾಲನ್ನು ಇಂಜಿನ್ನಿನ ಬಿಸಿ ಮುಚ್ಚಳಕ್ಕೆ ಒತ್ತಿ ನಿಂತು
ಟಿಕೆಟ್ ಕೊಡುತ್ತಾ ಲಾಲ್‌ಬಾಗ್ ತನಕ ಬಂದರು.
"ಕಂಡಕ್ಟ್ರೇ, ನಿಮ್ಮ ಚಪ್ಪಲಿ ಬಿಜೈಯಲ್ಲೇ ಇಳಿಯಿತು,
ಟಿಕೆಟ್ ತೆಗೆದಿತ್ತಾ?" ಅಂದ ಯಾರೋ.
ಬಸ್ಸಿಡೀ ನಕ್ಕಿತು. ಅವರೂ ನಕ್ಕು
ವಿಷಿಲ್ ಊದಿ "ರೈಟ್, ಪೋಯಿ" ಅಂದರು.
ನಾನೂ ನಕ್ಕೆ.
ಇಪ್ಪತ್ತಾರು ವರ್ಷ ಈ ತಟ್ಟೆಗಳನ್ನು ಓದಿದವಳು,
ಬೆಂಕಿಯೂ ತಿಳಿಯದ ಕಾಲು ಎಂದರೇನೆಂದು ಬಲ್ಲವಳು,
ಉಳಿದ ಎರಡು ರೂಪಾಯಿ ಕೇಳಿ ಪಡೆದು ಇಳಿದುಹೋದೆ.

ಮೂರನೆಯ ದಿನ ಔಷಧದ ಬಿಲ್ಲೆಗಳು.
ಔಷಧ ಗೆದ್ದರೆ ಬಿಲ್ಲೆಯ ಸುತ್ತ ಖಾಲಿ ಅಂಗಳ,
ಸೋತರೆ ಹೊಸ್ತಿಲ ತನಕ ಹುಲ್ಲು.
ಅಳತೆಪಟ್ಟಿ ಇಟ್ಟು ಬರೆಯುತ್ತಾ ಹೋದೆ:
ಆರ್. ಆರ್. ಆರ್.
ಇಂಗ್ಲಿಷಿನ ಈ ಅಕ್ಷರಕ್ಕೆ ನಮ್ಮಲ್ಲಿ ಅರ್ಥ, ಬಗ್ಗುವುದಿಲ್ಲ.
ತುಳುವಿನಲ್ಲಿ ಆರ್ ಅಂದರೆ ಅವರು,
ಮರ್ಯಾದೆ ಕೊಟ್ಟು ಹೇಳುವ ಅವರು.
ಪಟ್ಟಿಯುದ್ದಕ್ಕೂ ಅವರನ್ನೇ ಕೂಗಿದಂತಾಯಿತು,
ಹನ್ನೊಂದು ಸಲ.
ಹನ್ನೆರಡನೆಯ ಬಿಲ್ಲೆಯ ಸುತ್ತ ಮಾತ್ರ
ಇಪ್ಪತ್ತೆರಡು ಮಿಲಿಮೀಟರು ಅಂಗಳ.
ಎರಡು ಸಲ ಅಳೆದೆ. ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ.

ವರದಿ ಕಂಪ್ಯೂಟರಿಗೆ ಹೋಗುವ ಮೊದಲೇ
ಸರ್ಜರಿ ವಾರ್ಡಿಗೆ ಫೋನ್ ಮಾಡಿದೆ.
"ಅವರಿಗೆ ನಾಟುವುದು ಇದೊಂದೇ," ಎಂದೆ.
"ಹೆಬ್ಬೆರಳು ನಿನ್ನೆಯೇ ತೆಗೆದಾಯಿತಲ್ಲ ಮೇಡಂ,
ಉಳಿದದ್ದಕ್ಕೆ ಇವತ್ತೇ ಶುರು ಮಾಡುತ್ತೇವೆ,"
ಅಂದಳು ನರ್ಸು, ಬಾಯಲ್ಲಿ ಏನೋ ಅಗಿಯುತ್ತಾ.

ಸಂಜೆ ಬಸ್ಸಿನಲ್ಲಿ ಹೊಸ ಹುಡುಗ.
ಟಿಕೆಟಿನ ಯಂತ್ರ ಕುಟ್ಟುತ್ತಾ ಬಂದ, ಹೋದ.
ಯಾರೂ ಏಳಲಿಲ್ಲ, ಕಂಬಿ ಹಿಡಿದು ನಿಂತೆ.
ಮೂರು ತಿಂಗಳ ಮಳೆ ಹರಿದುಹೋಗಿದೆ, ಹುಚ್ಚಲ್ಲವೇ,
ಆದರೂ ಬಿಜೈ ಬಂದಾಗ ಬಗ್ಗಿ
ಚರಂಡಿಯ ಅಂಚನ್ನೇ ನೋಡುತ್ತಿದ್ದೆ.