ಲೀವರ್ ನಿಂತರೆ

ಲೀವರ್ ಅರ್ಧಕ್ಕೆ ನಿಂತರೆ ಬಲ ಹಾಕಬೇಡ,
ಅನ್ನುತ್ತಿದ್ದರು ಖುದ್ದೂಸ್ ಸಾಬರು.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಹುಳು ಬೆಂದ ವಾಸನೆಯ ಗಲ್ಲಿಯಲ್ಲಿ
ಒಂದು ಮೇಜು, ಒಂದು ಬಲ್ಬು,
ಬಿದ್ದ ಸ್ಕ್ರೂ ಉರುಳದ ಹಾಗೆ ಹಾಸಿದ ಬಿಳಿ ಟವೆಲ್ಲು.

ಮೊದಲು ಕೇಳು. ಕಿವಿಗೆ ಹಿಡಿದು ಒತ್ತು.
ಒಂದು ಸೆಕೆಂಡು ತೂಕಡಿಸಿ ಎರಡಾದರೆ
ಹಳೇ ಗ್ರೀಸು ಗೋಂದಾಗಿದೆ, ಅಷ್ಟೆ.
ಬಿಳಿ ಪೆಟ್ರೋಲು, ತೊಟ್ಟಲ್ಲ,
ಕಡ್ಡಿಯ ತುದಿ ನೆನೆಯುವಷ್ಟು.
ಮೇಲೆದ್ದ ಕನ್ನಡಿ ಇಳಿಯದಿದ್ದರೆ
ಅದರ ತಲೆಯ ಫೋಮು ಜೋನಿಬೆಲ್ಲವಾಗಿದೆ, ಕೆರೆದು ತೆಗಿ.
ಫೋಟೊದ ಅಂಚಿಗೆ ಕೆಂಪು ಉರಿ ಬಿದ್ದರೆ
ಬೆನ್ನಿನ ಬಾಗಿಲ ಸಂದಿಗೆ ಕಪ್ಪು ಉಣ್ಣೆ ದಾರ.
ಬ್ಯಾಟರಿ ತಲೆಕೆಳಗೆ ಹಾಕಿಕೊಂಡು ಬರುತ್ತಾರೆ ಕೆಲವರು,
ಅದಕ್ಕೆ ದುಡ್ಡು ತಗೋಬಾರದು.

ನನ್ನದು ಇದ್ಯಾವುದೂ ಅಲ್ಲ.
ಚೇಳೂರಿನ ಮದುವೆ. ಹುಡುಗಿ ಆದಿಲಕ್ಷ್ಮಿ.
ಧಾರೆ, ತಾಳಿ, ಅರುಂಧತಿ ತೋರಿಸಿದ್ದು, ಅಳು.
ಮೂವತ್ತಾರು ದಾಟಿತು ಎಣಿಕೆ. ಮೂವತ್ತೆಂಟು. ನಲವತ್ತೊಂದು.
ಐದು ಹೆಚ್ಚಿಗೆ ಸಿಕ್ಕವಲ್ಲ ಎಂದು
ಹಿಗ್ಗಿದ್ದೆ ನಾನು, ದಡ್ಡ.
ಸುತ್ತುವಾಗ ಒಂದೇ ಸುತ್ತಿಗೆ
ಕೈ ಹಗುರಾಯಿತು.

ಸಾಬರು ತೆರೆದರು, ಮುಚ್ಚಿದರು, ಮತ್ತೆ ತೆರೆದರು.
ಲೀವರ್ ಎಳೆವಾಗ ಎಡಗಡೆ ಗುಂಡಿ ತಿರುಗ್ತಿತ್ತಾ?
ನೋಡಲಿಲ್ಲ.
ಮಿಷನ್ ಚೆನ್ನಾಗಿದೆ, ಅಂದರು.
ಫಿಲ್ಮು ಕಚ್ಚೇ ಇಲ್ಲ.

ನಾಲಗೆ ಒಳಗೆಳೆದುಕೊಂಡಿದ್ದ ರೋಲನ್ನು
ಒಳಮನೆಗೆ ಕೊಟ್ಟರು. ಹಲೀಮಮ್ಮ,
ಬಿಸಿನೀರಿನ ಬಾಣಲೆಯಲ್ಲಿ ಮೂವತ್ತು ವರ್ಷ
ಗೂಡಿನ ಎಳೆ ಹುಡುಕಿ ಬೆಳ್ಳಗೆ ಬೆಂದ ಬೆರಳು.
ಹಳೇ ಫಿಲ್ಮಿನ ತುಂಡು ನೆನೆಸಿ ಬಾಯೊಳಗೆ ತೂರಿಸಿ
ಉಸಿರು ಹಿಡಿದು ತಿರುಗಿಸಿ
ಮೆಲ್ಲಗೆ ಎಳೆದರೆ
ಬಂತು ತುದಿ.
ಒಂದೂ ಬೆಳಕು ಕಾಣದ ಮೂವತ್ತಾರು.
ಇದು ಹೊಸದೇ ಅಲ್ವಾ, ಎಂದು ನಕ್ಕಳು. ಅವಳಿಗೇನು ಗೊತ್ತು.

ಹೋಗಿ ನಿಜ ಹೇಳು, ಅಂದರು ಸಾಬರು.
ರಿಪೇರಿಗೆ ಕಾಸು ಮುಟ್ಟಲಿಲ್ಲ.

ನಾನು ಚೇಳೂರಿಗೆ ಹೋದೆ. ಕೈಮುಗಿದೆ.
ಅಡ್ವಾನ್ಸು ಹಿಂದಿರುಗಿಸಿದೆ.
ಕ್ಯಾಮೆರಾ ಕೆಟ್ಟಿತ್ತು, ಅಂದೆ.
ಅವರು ಅದನ್ನೇ ಬೈದರು, ನನ್ನನ್ನಲ್ಲ.
ನನಗೆ ಮಜ್ಜಿಗೆ ಕೊಟ್ಟರು.

ಸಾಬರು ಈಗಿಲ್ಲ. ಆ ಗಲ್ಲಿಯಲ್ಲಿ ಮೊಬೈಲ್ ಗ್ಲಾಸು ಹಾಕುತ್ತಾರೆ.
ನಾನು ಇವತ್ತಿಗೂ ಲೀವರ್ ಎಳೆವಾಗೆಲ್ಲ
ಎಡಗಣ್ಣು ಎಡಗುಂಡಿಯ ಮೇಲೆ.
ಒಂದು ದಿನವೂ ತಪ್ಪಿಲ್ಲ ಅದು. ಕೆಟ್ಟ ಹೆಸರು ಹೊತ್ತು
ಸರಿಯಾಗಿ ನಡೆಯುತ್ತಿದೆ.

ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ
ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡ ಆದಿಲಕ್ಷ್ಮಿ
ಸಿಕ್ಕಾಗಲೆಲ್ಲ ಕೇಳುತ್ತಾಳೆ, ಕರುಣೆಯಿಂದ:
ಅಣ್ಣಾ, ಆ ಕ್ಯಾಮೆರಾ
ರಿಪೇರಿ ಆಯ್ತಾ?